ಅರಬ್ ಜಗತ್ತಿನಲ್ಲಿ ಪತ್ರಿಕೋದ್ಯಮ ಶಿಕ್ಷಣ

ಅರಬ್ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಪತ್ರಿಕೋದ್ಯಮದ ಬೋಧನೆ 1930ರ ದಶಕದಲ್ಲಿ ಈಜಿಪ್ಟಿನಲ್ಲಿ ಮೊದಲಾಯಿತು. ಅರಬ್ಬಿ ಪತ್ರಿಕೆಗಳ ಇತಿಹಾಸ ಅದಕ್ಕಿಂತ ಹಳೆಯದು. ಈಜಿಪ್ಟಿನ ಅಂದಿನ ದೊರೆ ಮುಹಮ್ಮದ್ ಅಲಿಯ ಆಡಳಿತ 1828ರಲ್ಲೇ ಕೈರೋದಿಂದ ‘ಅಲ್ ವಕಾಯಿ ಅಲ್ ಮಿಸ್ರಿಯ್ಯಾ’ ಎಂಬ ಸರ್ಕಾರಿ ಪತ್ರಿಕೆಯನ್ನು ಹೊರಡಿಸಿತ್ತು. ‘ಅಲ್ ಅಹ್ರಾಮ್’ 1876ರಲ್ಲಿ ಪ್ರಕಟಣೆ ಆರಂಭಿಸಿತು. ಆ ಕಾಲದ ವರದಿಗಾರರು ಪತ್ರಿಕಾ ಕಚೇರಿಯಲ್ಲಿ ಹಿರಿಯರ ಕೈಕೆಳಗೆ ಪಳಗುತ್ತಿದ್ದರು.

ಆರಂಭ: ಕೈರೋದ ಅಮೆರಿಕನ್ ವಿಶ್ವವಿದ್ಯಾನಿಲಯ ಈ ವಿಷಯವನ್ನು ಮೊದಲು ಕೈಗೆತ್ತಿಕೊಂಡ ಸಂಸ್ಥೆಗಳಲ್ಲೊಂದು. ಇಂದಿನ ಕೈರೋ ವಿಶ್ವವಿದ್ಯಾನಿಲಯದಲ್ಲಿ 1939ರಲ್ಲಿ ಸಂಪಾದನೆ, ಅನುವಾದ ಮತ್ತು ಪತ್ರಿಕೋದ್ಯಮಗಳಿಗಾಗಿ ಸಂಸ್ಥೆಯೊಂದು ಹುಟ್ಟಿತು. ಅದು 1954ರಲ್ಲಿ ಕಲಾ ನಿಕಾಯದ ವಿಭಾಗವಾಗಿ, 1970ರ ದಶಕದಲ್ಲಿ ಸ್ವತಂತ್ರ ಸಮೂಹ ಸಂವಹನ ನಿಕಾಯವಾಗಿ ಬೆಳೆಯಿತು.

ವಿಸ್ತರಣೆ: ಆಲ್ಜೀರಿಯಾ ಮತ್ತು ಇರಾಕ್‌ಗಳಲ್ಲಿ 1964ರಲ್ಲಿ, ಟ್ಯುನೀಶಿಯಾ ಮತ್ತು ಲೆಬನಾನ್‌ಗಳಲ್ಲಿ 1967ರಲ್ಲಿ, ಜೋರ್ಡಾನಿನ ಯರ್ಮೂಕ್ ವಿಶ್ವವಿದ್ಯಾನಿಲಯದಲ್ಲಿ 1980ರಲ್ಲಿ ಬೋಧನೆ ನೆಲೆಗೊಂಡಿತು. ಹೊಸದಾಗಿ ಸ್ವತಂತ್ರವಾದ ಸರ್ಕಾರಗಳಿಗೆ ಬಾನುಲಿ, ದೂರದರ್ಶನ, ವಾರ್ತಾ ಇಲಾಖೆಗಳನ್ನು ನಡೆಸಬಲ್ಲವರು ಬೇಕಾಗಿದ್ದರು. ಈಜಿಪ್ಟಿನಲ್ಲಿ ನಾಸರ್ ಸರ್ಕಾರ 1960ರಲ್ಲಿ ಪತ್ರಿಕೆಗಳನ್ನು ರಾಷ್ಟ್ರೀಕರಿಸಿತ್ತು. ಹೀಗಾಗಿ ಪಠ್ಯಕ್ರಮದಲ್ಲಿ ಸಂವಹನ ಸಿದ್ಧಾಂತಕ್ಕೂ ಸಾರ್ವಜನಿಕ ಸಂಪರ್ಕಕ್ಕೂ ಸಿಕ್ಕ ಜಾಗ ಅಧಿಕಾರಸ್ಥರನ್ನು ಪ್ರಶ್ನಿಸುವ ವರದಿಗಾರಿಕೆಗೆ ಸಿಗಲಿಲ್ಲ. ಉತ್ತರ ಆಫ್ರಿಕದ ಶಾಲೆಗಳಲ್ಲಿ ಫ್ರೆಂಚ್ ಮಾದರಿಯ ಪ್ರಭಾವ ಗಾಢವಾಗಿತ್ತು.

ಆಧುನೀಕರಣ: 1996ರಲ್ಲಿ ಆರಂಭವಾದ ಅಲ್ ಜಜೀರಾ ವಾಹಿನಿಯಿಂದ ನುರಿತ ಸುದ್ದಿಗಾರರಿಗೆ ಬೇಡಿಕೆ ಹೆಚ್ಚಿತು, 2004ರಲ್ಲಿ ಅದು ತನ್ನದೇ ತರಬೇತಿ ಕೇಂದ್ರವನ್ನು ತೆರೆಯಿತು. ಯುನೆಸ್ಕೋ 2007ರಲ್ಲಿ ಮಾದರಿ ಪಠ್ಯಕ್ರಮವನ್ನು ಹೊರತಂದಿತು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯ 2008ರಲ್ಲಿ ದೋಹಾದಲ್ಲಿ ಶಾಖೆ ತೆರೆಯಿತು.

ಬೋಧನಾ ಕ್ರಮವನ್ನೇ ಬದಲಿಸಿದ ಶ್ರೇಯಸ್ಸಿನಲ್ಲಿ ಅಮ್ಮಾನ್‌ನಲ್ಲಿ 2005ರಲ್ಲಿ ಸ್ಥಾಪನೆಯಾದ ‘ಅರೀಜ್’ ಎಂಬ ತನಿಖಾ ಪತ್ರಿಕೋದ್ಯಮ ಸಂಸ್ಥೆಗೆ ದೊಡ್ಡ ಪಾಲಿದೆ. ಅದು ಯುನೆಸ್ಕೋ ಜೊತೆಗೂಡಿ ರೂಪಿಸಿದ ತನಿಖಾ ಪತ್ರಿಕೋದ್ಯಮದ ಕೈಪಿಡಿ 2009ರಲ್ಲಿ ಬಂತು. ಮೊದಲು ಒಂದು ಊಹೆಯನ್ನು ಮುಂದಿಡಬೇಕು, ದಾಖಲೆ ಮತ್ತು ಸಾಕ್ಷಿಗಳಿಂದ ಅದನ್ನು ಒರೆಗೆ ಹಚ್ಚಬೇಕು, ಪುರಾವೆ ಸಿಗದಿದ್ದರೆ ಕೈಬಿಡಬೇಕು ಎಂಬುದು ಅದರ ಕ್ರಮ.

ಈ ಕ್ರಮಕ್ಕೆ ಸರ್ಕಾರಿ ಕಡತಗಳು ಕೈಗೆಟುಕಬೇಕು. ಮಾಹಿತಿ ಹಕ್ಕಿನ ಕಾನೂನನ್ನು ಅರಬ್ ದೇಶಗಳಲ್ಲಿ ಮೊದಲು ತಂದದ್ದು ಜೋರ್ಡಾನ್, 2007ರಲ್ಲಿ. 2011ರ ಕ್ರಾಂತಿಯ ಬಳಿಕ ಟ್ಯುನೀಶಿಯಾವೂ ಆ ಹಾದಿ ಹಿಡಿಯಿತು. ಸ್ಟುಡಿಯೋ, ಗಣಕಯಂತ್ರಗಳನ್ನು ಹಣ ಕೊಟ್ಟು ತರಬಹುದು. ತರಗತಿಯಲ್ಲಿ ಕಲಿತ ಪ್ರಶ್ನೆಯನ್ನು ಹೊರಗೆ ನಿರ್ಭಯವಾಗಿ ಕೇಳುವಂತಾಗಲು ಕಾನೂನಿನ ರಕ್ಷಣೆ ಬೇಕು. ಅದಿಲ್ಲದೆ ಈ ಆಧುನೀಕರಣ ಪೂರ್ಣವಾಗದು.