ಸೋರೆಬುರುಡೆಯ ಬ್ಯಾಂಜೋ

ಬ್ಯಾಂಜೋ ಅಂದ್ರೆ ಹಾಲಿವುಡ್ ಸಿನಿಮಾಗಳು ತೋರಿಸೋದು ಹೆಚ್ಚಾಗಿ ಒಂದೇ ಚಿತ್ರ: ಹುಲ್ಲಿನ ಟೋಪಿ ಹಾಕಿಕೊಂಡು ಜಗಲಿ ಮೇಲೆ ಕೂತ ಬಿಳಿಯ ಮುದುಕ. ಆದರೆ ಆ ವಾದ್ಯದ ಬೇರು ಇರೋದು ಪಶ್ಚಿಮ ಆಫ್ರಿಕಾದಲ್ಲಿ. ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟಿ ನುಡಿಸುವ ವಾದ್ಯಗಳು ಅಲ್ಲಿ ಇವತ್ತಿಗೂ ಇವೆ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಅಂಥದ್ದೊಂದು. ಊರಲ್ಲಿ ತತ್ವಪದ ಹಾಡೋರ ಏಕತಾರಿ ನೋಡಿ ಬೆಳೆದ ನನಗೆ ಅದರ ಫೋಟೋ ನೋಡಿದಾಗ ದೂರದ ನೆಂಟರನ್ನ ಕಂಡ ಹಾಗಾಯ್ತು. ಗುಲಾಮರಾಗಿ ಹಡಗು ಹತ್ತಿದವರು ನೆನಪಿನಲ್ಲಿ ಹೊತ್ತು ತಂದ ವಾದ್ಯವನ್ನು ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದಲ್ಲಿ ಮತ್ತೆ ಮಾಡಿಕೊಂಡರು.

ಹಾಗಾದ್ರೆ ಅದು ಬಿಳಿಯರದ್ದು ಆಗಿದ್ದು ಹೇಗೆ? 1840ರ ದಶಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟಗಳು ಜನಪ್ರಿಯವಾದವು. ಬ್ಯಾಂಜೋ ಅದರ ಮುಖ್ಯ ವಾದ್ಯ. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಸರಕು ವಿಂಗಡಿಸಿದವು: ಕಪ್ಪು ಜನರದ್ದು 'ರೇಸ್ ರೆಕಾರ್ಡ್ಸ್', ಬಿಳಿಯರ ಹಳ್ಳಿ ಸಂಗೀತ 'ಹಿಲ್‌ಬಿಲಿ'. ಬ್ಯಾಂಜೋ, ಪಿಟೀಲು ಎರಡನೇ ಡಬ್ಬಕ್ಕೆ ಸೇರಿದವು. ಡೇಟಾಬೇಸ್‌ನಲ್ಲಿ ಒಂದು ಕಾಲಂ ತಪ್ಪಾಗಿ ತುಂಬಿದರೆ ಮುಂದಿನ ರಿಪೋರ್ಟೆಲ್ಲ ತಪ್ಪೇ ಬರುತ್ತೆ ಅನ್ನೋದು ನನ್ನ ಕಸುಬಿನವರಿಗೆಲ್ಲ ಗೊತ್ತು.

ಆ ಕಾಲಂ ತಿದ್ದೋಕೆ ಹೊರಟವರಲ್ಲಿ ರಿಯಾನನ್ ಗಿಡೆನ್ಸ್ ಒಬ್ಬರು. ಹುಟ್ಟಿದ್ದು 1977ರಲ್ಲಿ, ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ. ಓಬರ್ಲಿನ್‌ನಲ್ಲಿ ಕಲಿತದ್ದು ಆಪೆರಾ ಗಾಯನ. ಆಮೇಲೆ ಕೈಗೆ ಬಂದದ್ದು ಬ್ಯಾಂಜೋ ಮತ್ತು ಪಿಟೀಲು. 2005ರಲ್ಲಿ ಬೂನ್ ಊರಿನಲ್ಲಿ ಕಪ್ಪು ಬ್ಯಾಂಜೋ ವಾದಕರ ಸಮಾವೇಶ ನಡೆಯಿತು. ಅಲ್ಲಿ ಸಿಕ್ಕ ಗೆಳೆಯರ ಜೊತೆ, ಎಂಬತ್ತು ದಾಟಿದ ಪಿಟೀಲುಗಾರ ಜೋ ಥಾಂಪ್ಸನ್ ಅವರ ಮನೆಗೆ ಹೋಗಿ ಕೂತು ಕಲಿತರು. ನಮ್ಮ ಕಡೆ ಹಾಗೇ ಅಲ್ವಾ, ಅಜ್ಜಿ ಹಾಡಿದ್ದನ್ನ ಸೊಸೆ ಕೇಳಿ ಕಲಿಯೋದು. ಹೀಗೆ ಹುಟ್ಟಿದ ತಂಡ ಕ್ಯಾರೊಲಿನಾ ಚಾಕೊಲೇಟ್ ಡ್ರಾಪ್ಸ್. 2011ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು.

ತಂಡಕ್ಕೆ ಹೆಸರು ಬಂದ ಮೇಲೆ ಒಬ್ಬರೇ ನಿಲ್ಲೋದು ಸುಲಭ ಅಲ್ಲ. 2015ರ ಮೊದಲ ಸೋಲೋ ಆಲ್ಬಂನಲ್ಲಿ ಬಹುತೇಕ ಬೇರೆಯವರ ಹಾಡುಗಳೇ. 2017ರ 'ಫ್ರೀಡಂ ಹೈವೇ'ಯಲ್ಲಿ ತಾವು ಬರೆದದ್ದೇ ಹೆಚ್ಚು. ಅದರ ಮೊದಲ ಹಾಡು ಹುಟ್ಟಿದ್ದು ಗುಲಾಮಗಿರಿ ಕಾಲದ ಒಂದು ಜಾಹೀರಾತಿನಿಂದ. ಯುವತಿಯೊಬ್ಬಳು ಮಾರಾಟಕ್ಕಿದ್ದಾಳೆ, ಅವಳ ಒಂಬತ್ತು ತಿಂಗಳ ಕೂಸು ಬೇಕೋ ಬೇಡವೋ, ಅದು ಕೊಳ್ಳುವವರ ಇಷ್ಟ. ದನದ ಸಂತೆಯಲ್ಲಿ ಹಸು-ಕರುವಿನ ವ್ಯಾಪಾರ ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ತಾಯಿಯ ಬಾಯಲ್ಲೇ ಗಿಡೆನ್ಸ್ ಹಾಡು ಕಟ್ಟಿದರು.

ಆಪೆರಾ ಪಾಠವೂ ವ್ಯರ್ಥ ಆಗಲಿಲ್ಲ. 1807ರಲ್ಲಿ ಚಾರ್ಲ್ಸ್‌ಟನ್‌ಗೆ ಗುಲಾಮನಾಗಿ ಬಂದ, 1831ರಲ್ಲಿ ಅರಬ್ಬಿಯಲ್ಲಿ ಆತ್ಮಕಥೆ ಬರೆದ ಓಮರ್ ಇಬ್ನ್ ಸಯೀದ್ ಬಗ್ಗೆ ಮೈಕಲ್ ಏಬಲ್ಸ್ ಜೊತೆ ಸೇರಿ 'ಓಮರ್' ಆಪೆರಾ ರಚಿಸಿದರು. ಅದು 2022ರಲ್ಲಿ ಅದೇ ಚಾರ್ಲ್ಸ್‌ಟನ್‌ನಲ್ಲಿ ಮೊದಲು ರಂಗಕ್ಕೆ ಬಂತು. 2023ರಲ್ಲಿ ಪುಲಿಟ್ಜರ್ ಬಂತು.

ಜಾನಪದ, ಬ್ಲೂಸ್, ಕಂಟ್ರಿ, ಗಾಸ್ಪೆಲ್ ಎಲ್ಲ ಕಲೆತ ಈ ಸಂಗೀತಕ್ಕೆ ಈಗಿನ ಹೆಸರು 'ಅಮೆರಿಕಾನಾ'. ದೇಶದ ಹೆಸರನ್ನೇ ಇಟ್ಟುಕೊಂಡ ಮೇಲೆ ಆ ದೇಶ ಕಟ್ಟಿದವರ ಲೆಕ್ಕ ಪೂರ್ತಿ ಇರಬೇಕಲ್ವಾ? 2024ರಲ್ಲಿ ಬಿಯಾನ್ಸೆ ಹಾಡು 'ಟೆಕ್ಸಾಸ್ ಹೋಲ್ಡ್ ಎಮ್' ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದರ ಶುರುವಲ್ಲೇ ಬ್ಯಾಂಜೋ ಕೇಳುತ್ತೆ. ನುಡಿಸಿದ್ದು ಗಿಡೆನ್ಸ್.