ಆಲ್ಜಿನೇಟ್ ಮತ್ತು ಭಾರಲೋಹಗಳು

ಕಂದು ಕಡಲಪಾಚಿಗಳ ಕೋಶಭಿತ್ತಿಯಲ್ಲಿ ದೊರೆಯುವ ಸಂಕೀರ್ಣ ಶರ್ಕರವೇ ಆಲ್ಜಿನೇಟ್. ಬ್ರಿಟಿಷ್ ರಸಾಯನಜ್ಞ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ 1881ರಲ್ಲಿ ಇದನ್ನು ಬೇರ್ಪಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಭಾರತದಲ್ಲಿ ಸರ್ಗಾಸಮ್, ಟರ್ಬಿನೇರಿಯ ಪಾಚಿಗಳಿಂದ ಇದನ್ನು ತೆಗೆಯುತ್ತಾರೆ. ಕಚ್ಚಾವಸ್ತು ಹೆಚ್ಚಾಗಿ ಬರುವುದು ತಮಿಳುನಾಡಿನ ಕರಾವಳಿಯಿಂದ. ಕಾರವಾರದ ಬಂಡೆಗಳ ಮೇಲೂ ಸರ್ಗಾಸಮ್ ಬೆಳೆಯುತ್ತದೆ. ಐಸ್‌ಕ್ರೀಮು, ಗಾಯದ ಪಟ್ಟಿ, ಬಟ್ಟೆಯ ಮುದ್ರಣಗಳಲ್ಲಿ ಬಳಕೆಯಾಗುವ ಈ ಪದಾರ್ಥಕ್ಕೆ ಲೋಹದ ಅಯಾನುಗಳನ್ನು ಹಿಡಿದಿಡುವ ಗುಣವೂ ಇದೆ.

ಇದರ ಸರಪಳಿಯಲ್ಲಿ ಮ್ಯಾನ್ಯುರೋನಿಕ್ ಮತ್ತು ಗುಲ್ಯುರೋನಿಕ್ ಎಂಬ ಎರಡು ಆಮ್ಲಗಳ ಘಟಕಗಳಿವೆ. ಗುಲ್ಯುರೋನಿಕ್ ಘಟಕಗಳು ಒತ್ತಾಗಿ ಬಂದ ಕಡೆ ಸರಪಳಿ ಅಂಕುಡೊಂಕಾಗುತ್ತದೆ. ಅಂಥ ಎರಡು ಸರಪಳಿಗಳು ಎದುರುಬದುರಾದಾಗ ನಡುವೆ ಉಳಿಯುವ ಗುಳಿಗಳಲ್ಲಿ, ಪೆಟ್ಟಿಗೆಯಲ್ಲಿ ಮೊಟ್ಟೆ ಕೂತಂತೆ, ಲೋಹದ ಅಯಾನು ಕೂರುತ್ತದೆ. 1973ರಲ್ಲಿ ಮಂಡಿಸಿದ ಈ ವಿವರಣೆಗೆ ಮೊಟ್ಟೆಪೆಟ್ಟಿಗೆ ಮಾದರಿ ಎಂದೇ ಹೆಸರು. ಎಲ್ಲ ಲೋಹಗಳಿಗೂ ಇಲ್ಲಿ ಸಮಾನ ಆದರವಿಲ್ಲ. ಸೀಸಕ್ಕೆ ಮೊದಲ ಮಣೆ. ಅನಂತರ ತಾಮ್ರ, ಕ್ಯಾಡ್ಮಿಯಂ, ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ. ಸತು, ನಿಕಲ್, ಮ್ಯಾಂಗನೀಸ್‌ಗಳದು ಕೊನೆಯ ಸಾಲು.

ಜೀವಿಗಳ ಮೇಲಿನ ಪ್ರಯೋಗಕ್ಕೆ ಪ್ರೇರಣೆಯಾದದ್ದು ಅಣ್ವಸ್ತ್ರ ಪರೀಕ್ಷೆಗಳ ಧೂಳು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1964ರ ಹೊತ್ತಿಗೆ, ಆಹಾರದ ಜೊತೆ ಸೋಡಿಯಂ ಆಲ್ಜಿನೇಟ್ ಕೊಟ್ಟರೆ ಇಲಿಗಳ ಮೂಳೆಗೆ ವಿಕಿರಣಶೀಲ ಸ್ಟ್ರಾನ್ಷಿಯಂ ಸೇರುವುದು ಕಡಿಮೆಯಾಗುತ್ತದೆಂದು ತೋರಿಸಿದರು. ಮುಂದೆ ಮನುಷ್ಯರಲ್ಲೂ ಅದೇ ಫಲ ಕಂಡಿತು. ಆಲ್ಜಿನೇಟ್ ನಮಗೆ ಜೀರ್ಣವಾಗುವುದಿಲ್ಲ. ಕರುಳಿನಲ್ಲಿ ಲೋಹವನ್ನು ಕಟ್ಟಿಹಾಕಿ ಮಲದೊಡನೆ ಹೊರಹೋಗುತ್ತದೆ. ಅದರ ಶಕ್ತಿಯೂ ಮಿತಿಯೂ ಇದೇ. ಈಗಾಗಲೇ ರಕ್ತ, ಮೂಳೆ, ಯಕೃತ್ತುಗಳನ್ನು ಸೇರಿದ ಲೋಹವನ್ನು ಅದು ಮುಟ್ಟಲಾರದು. ಸೀಸದ ವಿಷವೇರಿದವರಿಗೆ ವೈದ್ಯರು ಕೊಡುವ ಔಷಧಗಳೇ ಬೇರೆ. ಪಾಚಿಯನ್ನೇ ನೇರವಾಗಿ ತಿನ್ನುವುದೂ ಜಾಣತನವಲ್ಲ: ಹಿಜಿಕಿ ಎಂಬ ಜಪಾನೀ ಕಂದು ಪಾಚಿಯಲ್ಲಿ ನಿರವಯವ ಆರ್ಸೆನಿಕ್ ಹೆಚ್ಚಿರುವುದರಿಂದ ಬ್ರಿಟನ್ನಿನ ಆಹಾರ ಸಂಸ್ಥೆ ಅದನ್ನು ತಿನ್ನಬೇಡಿ ಎಂದು ಸಲಹೆ ಮಾಡಿದೆ.

ಶಿವಮೊಗ್ಗ, ಭದ್ರಾವತಿ ಊರುಗಳಿಗೆ ಈ ವಿಷಯ ಸಂಬಂಧಿಸುವುದು ತುಂಗಾ, ಭದ್ರಾ ನದಿಗಳು ಮತ್ತು ಅವುಗಳ ಮೀನಿನ ಮೂಲಕ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕಾಗದದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ಭದ್ರೆಯ ಮೇಲ್ಭಾಗದ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. ಎರಡು ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಗಳಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಪಟ್ಟಿಯಲ್ಲಿ ಭದ್ರಾವತಿ-ಹೊಳೆಹೊನ್ನೂರು ನಡುವಿನ ಭದ್ರೆಯೂ ಶಿವಮೊಗ್ಗದಿಂದ ಕೂಡಲಿವರೆಗಿನ ತುಂಗೆಯೂ ಕಲುಷಿತ ಪಾತ್ರಗಳೆಂದು ನಮೂದಾದವು. ಆದರೆ ಆ ಪಟ್ಟಿಯ ಅಳತೆಗೋಲು ಜೈವಿಕ ಆಮ್ಲಜನಕ ಬೇಡಿಕೆ. ಅದು ಚರಂಡಿ ಕೊಳಕನ್ನು ಹೇಳುತ್ತದೆಯೇ ಹೊರತು ಲೋಹವನ್ನಲ್ಲ. 

ಉಕ್ಕು ಮತ್ತು ಎರಕದ ತ್ಯಾಜ್ಯದಲ್ಲಿ ಸಾಮಾನ್ಯವಾಗಿ ಇರುವವು ಕಬ್ಬಿಣ, ಮ್ಯಾಂಗನೀಸ್, ಸತು, ಕ್ರೋಮಿಯಂ. ಇವುಗಳಲ್ಲಿ ಸತು, ಮ್ಯಾಂಗನೀಸ್‌ಗಳ ಮೇಲೆ ಆಲ್ಜಿನೇಟಿನ ಹಿಡಿತ ಸಡಿಲ. ಹೆಚ್ಚು ವಿಷಕಾರಿಯಾದ ಷಡ್ವೇಲೆನ್ಸಿ ಕ್ರೋಮಿಯಂ ನೀರಿನಲ್ಲಿ ಋಣಾವೇಶದ ಕ್ರೋಮೇಟ್ ಆಗಿರುತ್ತದೆ. ಆಲ್ಜಿನೇಟಿನದೂ ಋಣಾವೇಶವಾದ್ದರಿಂದ ಅವೆರಡೂ ಕೂಡುವುದಿಲ್ಲ. ಗಣಿಯಿಂದ ಬಂದ ಕಬ್ಬಿಣ ಬಹುಪಾಲು ಹೂಳಿನ ಕಣ, ಕರಗಿದ ಅಯಾನಲ್ಲ. ಇದರ ಮೇಲೆ, ಮೀನಿನ ದೇಹಕ್ಕೆ ಲೋಹ ಆಹಾರದಿಂದ ಮಾತ್ರವಲ್ಲ, ಕಿವಿರಿನಿಂದಲೂ ಇಳಿಯುತ್ತದೆ.

ಸಾಕಣೆ ಕೊಳದ ಮೀನಿನ ಆಹಾರವನ್ನು ಉಂಡೆಗಟ್ಟಲು ಆಲ್ಜಿನೇಟನ್ನು ಅಂಟಾಗಿ ಬಳಸುವ ರೂಢಿ ಮೊದಲಿನಿಂದ ಇದೆ; ಅಲ್ಲಿ ಆಹಾರದೊಳಗಿನ ಸೀಸ, ಕ್ಯಾಡ್ಮಿಯಂಗಳನ್ನು ತಡೆಯುವ ಕೆಲಸಕ್ಕೂ ಅದನ್ನು ಪರೀಕ್ಷಿಸಿ ನೋಡಲು ಅವಕಾಶವುಂಟು. ಹರಿಯುವ ಭದ್ರೆಯ ಮೀನಿಗೆ ಅದು ಉಪಾಯವಲ್ಲ. ಅಲ್ಲಿ ಲೋಹವನ್ನು ತಡೆಯಬೇಕಾದ ಜಾಗ ಕಾರ್ಖಾನೆಯ ಹೊರಹರಿವಿನ ಕೊಳವೆ.