ಥಾರ್ ಮರುಭೂಮಿಯ ಸೌರವಿದ್ಯುತ್ತು: ಭಡ್ಲಾದ ಬಿಸಿಲು, ನೆಲ, ನೀರು

ರಾಜಸ್ಥಾನದ ಫಲೋದಿ ಜಿಲ್ಲೆಯಲ್ಲಿ, ಜೋಧಪುರದಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿರುವ ಭಡ್ಲಾ ಒಂದು ಚಿಕ್ಕ ಗ್ರಾಮ. ಅದರ ಹೆಸರಿನಲ್ಲಿರುವ ಸೌರ ಉದ್ಯಾನ ಸುಮಾರು 14,000 ಎಕರೆಗಳಲ್ಲಿ ಹರಡಿದೆ. ಸ್ಥಾಪಿತ ಸಾಮರ್ಥ್ಯ 2,245 ಮೆಗಾವ್ಯಾಟ್. ನಾಲ್ಕು ಹಂತಗಳಲ್ಲಿ, ಅನುಕ್ರಮವಾಗಿ 65, 680, 1,000 ಮತ್ತು 500 ಮೆಗಾವ್ಯಾಟ್‌ಗಳಂತೆ, ಇದು ಬೆಳೆಯಿತು. ಹಳೆಯ ಸಾಮಾನ್ಯಜ್ಞಾನ ಪುಸ್ತಕಗಳಲ್ಲಿ ಅತಿ ದೊಡ್ಡ ಸೌರ ಉದ್ಯಾನವೆಂದು ತುಮಕೂರು ಜಿಲ್ಲೆಯ ಪಾವಗಡದ ಹೆಸರೂ, ಅನಂತರದವುಗಳಲ್ಲಿ ಭಡ್ಲಾದ ಹೆಸರೂ ಕಾಣುವುದುಂಟು. ಎರಡೂ ತಮ್ಮ ತಮ್ಮ ಕಾಲಕ್ಕೆ ಸರಿಯಾದ ಉತ್ತರಗಳೇ. ಈಗ ಕಚ್ಛದ ರಣದಲ್ಲಿ ಖಾವಡಾ ಎಂಬಲ್ಲಿ 30,000 ಮೆಗಾವ್ಯಾಟ್ ಗುರಿಯ ಕಾಮಗಾರಿ ನಡೆದಿರುವುದರಿಂದ, ಪರೀಕ್ಷೆಗೆ ಓದುವ ಮಕ್ಕಳು ಪುಸ್ತಕದ ಮುದ್ರಣದ ವರ್ಷವನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈ ಸ್ಥಳದ ಆಯ್ಕೆಗೆ ಕಾರಣ ಬಿಸಿಲು ಎಂದರೆ ಅರ್ಧ ಉತ್ತರವಾದೀತು. ಪಶ್ಚಿಮ ರಾಜಸ್ಥಾನದಲ್ಲಿ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ದಿನ ಆಕಾಶ ಶುಭ್ರವಾಗಿರುತ್ತದೆ. ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯ ಹಿಂದಿನ ಅಂದಾಜಿನಂತೆ ದೇಶದ ಒಟ್ಟು ಸೌರ ಸಾಧ್ಯತೆ ಸುಮಾರು 7,50,000 ಮೆಗಾವ್ಯಾಟ್ ಆಗಿತ್ತು. ಅದರಲ್ಲಿ ರಾಜಸ್ಥಾನವೊಂದರದೇ ಸುಮಾರು 1,42,000. ಆದರೆ ಬಿಸಿಲಿನಷ್ಟೇ ಮುಖ್ಯವಾದದ್ದು ಒಂದೇ ಕಡೆ ಸಿಗುವ ವಿಶಾಲವಾದ, ಸಮತಟ್ಟಾದ, ಅಗ್ಗದ ಸರ್ಕಾರಿ ಭೂಮಿ. ಕಡತಗಳಲ್ಲಿ ಇದನ್ನು ಬಂಜರು ಎಂದು ಬರೆದಿದ್ದಾರೆ. ಆ ಪದ ಎಷ್ಟರಮಟ್ಟಿಗೆ ನಿಜವೆಂಬ ಪ್ರಶ್ನೆ ಮುಂದೆ ಬರುತ್ತದೆ.

ಬೆಳಕು ಬೇಕು, ಬೇಗೆ ಬೇಡ

ಫಲೋದಿ ಪಟ್ಟಣದಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಭಾರತದ ಮಟ್ಟಿಗೆ ಅದೊಂದು ದಾಖಲೆ. ಇಷ್ಟು ಬೇಗೆಯಿರುವಲ್ಲಿ ಸೌರಫಲಕಗಳು ತುಂಬಾ ಚೆನ್ನಾಗಿ ಕೆಲಸ ಮಾಡುತ್ತವೆಂದು ಭಾವಿಸುವುದು ಸಹಜ. ವಾಸ್ತವ ಬೇರೆ. ಸಿಲಿಕಾನ್ ಕೋಶದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು ಬೆಳಕು, ಶಾಖವಲ್ಲ. ಕೋಶ ಕಾದಷ್ಟೂ ಅದರ ವೋಲ್ಟೇಜ್ ಕುಗ್ಗುತ್ತದೆ. ಫಲಕಗಳ ಮೇಲೆ ನಮೂದಿಸುವ ಸಾಮರ್ಥ್ಯವನ್ನು ಅಳೆಯುವುದು ಕೋಶದ ಶಾಖ 25 ಡಿಗ್ರಿ ಇದ್ದಾಗ; ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಫಲಕ 65 ಡಿಗ್ರಿಗೆ ಕಾದಿತೆಂದರೆ ಶೇಕಡ 12ರಿಂದ 16ರಷ್ಟು ಹಾಗೆಯೇ ನಷ್ಟ. ತಂಪಾದ, ಎತ್ತರದ ಮರುಭೂಮಿಯಾದ ಲಡಾಖ್‌ನ ಮೇಲೆ ಯೋಜಕರ ಕಣ್ಣು ಬಿದ್ದಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿನ 13,000 ಮೆಗಾವ್ಯಾಟ್ ಯೋಜನೆಯ ವಿದ್ಯುತ್ತನ್ನು ಹರಿಯಾಣದ ಕೈಥಲ್‌ವರೆಗೆ ತರುವ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು.

ಮೆಗಾವ್ಯಾಟ್ ಎಂಬ ಅಳತೆಯನ್ನೂ ಇಲ್ಲಿ ಬಿಡಿಸಿ ನೋಡಬೇಕು. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್. ಭಡ್ಲಾದ್ದು ಅದಕ್ಕಿಂತ ದೊಡ್ಡ ಅಂಕಿ. ಆದರೆ ಕಲ್ಲಿದ್ದಲ ಕುಲುಮೆ ರಾತ್ರಿಯೂ ಉರಿಯಬಲ್ಲದು, ಸೂರ್ಯ ಹಾಗಲ್ಲ. ಬೆಳಗು, ಸಂಜೆ, ರಾತ್ರಿ, ಮೋಡ, ಧೂಳು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ ಸೌರ ಸ್ಥಾವರವೊಂದು ವರ್ಷದ ಸರಾಸರಿಯಲ್ಲಿ ತನ್ನ ಪೂರ್ಣ ಸಾಮರ್ಥ್ಯದ ಕಾಲು ಭಾಗದ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಪತ್ರಿಕೆಗಳ ತಲೆಬರಹಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

ಹನ್ನೆರಡರಿಂದ ಎರಡೂವರೆಗೆ

ರಾಷ್ಟ್ರೀಯ ಸೌರ ಅಭಿಯಾನ ಆರಂಭವಾದದ್ದು 2010ರ ಜನವರಿಯಲ್ಲಿ. 2022ಕ್ಕೆ 20,000 ಮೆಗಾವ್ಯಾಟ್ ಎಂಬುದು ಆಗಿನ ಗುರಿ. 2015ರಲ್ಲಿ ಅದನ್ನು ಐದು ಪಟ್ಟು ಹಿಗ್ಗಿಸಲಾಯಿತು. ಮೊದಲ ದಿನಗಳಲ್ಲಿ ಫಲಕಗಳ ಜೊತೆಗೆ ಮತ್ತೊಂದು ವಿಧಾನವನ್ನೂ ನೆಚ್ಚಲಾಗಿತ್ತು. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ, ನೀರನ್ನು ಉಗಿಯಾಗಿಸಿ, ಟರ್ಬೈನ್ ತಿರುಗಿಸುವ ವಿಧಾನ ಅದು. ಒಟ್ಟು 470 ಮೆಗಾವ್ಯಾಟ್‌ನ ಏಳು ಯೋಜನೆಗಳಿಗೆ ಅನುಮತಿ ದೊರೆಯಿತಾದರೂ ಮುಗಿದವು ಕೆಲವೇ. ಜೈಸಲ್ಮೇರ್ ಜಿಲ್ಲೆಯ ನೋಖ್‌ನಲ್ಲಿ 50 ಮೆಗಾವ್ಯಾಟ್, ಧುರ್ಸರ್‌ನಲ್ಲಿ 125 ಮೆಗಾವ್ಯಾಟ್ ಘಟಕಗಳು 2013 ಮತ್ತು 2014ರಲ್ಲಿ ಚಾಲನೆಗೆ ಬಂದವು. ಕನ್ನಡಿಗೆ ಬೇಕಾದದ್ದು ನೇರವಾಗಿ ಬೀಳುವ ಸ್ವಚ್ಛ ಕಿರಣ. ಥಾರ್‌ನ ಗಾಳಿಯಲ್ಲಿ ತೇಲುವ ಧೂಳು ಅದನ್ನು ಚದುರಿಸುತ್ತದೆ. ಫಲಕವೋ ಚದುರಿದ ಬೆಳಕನ್ನೂ ಬಿಡದೆ ಹೀರಿಕೊಳ್ಳುತ್ತದೆ. ಅದರ ಬೆಲೆಯೂ ವರ್ಷದಿಂದ ವರ್ಷಕ್ಕೆ ಕುಸಿಯುತ್ತ ಬಂದದ್ದರಿಂದ ಕನ್ನಡಿಯ ದಾರಿ ಅಲ್ಲಿಗೇ ನಿಂತಿತು.

ಆ ಕುಸಿತದ ವೇಗವನ್ನು ತಿಳಿಯಲು ಹರಾಜಿನ ದರಗಳೇ ಸಾಕು. 2010ರ ಮೊದಲ ಹರಾಜಿನಲ್ಲಿ ಯೂನಿಟ್ಟಿನ ಸರಾಸರಿ ದರ 12 ರೂಪಾಯಿಯ ಆಸುಪಾಸಿನಲ್ಲಿತ್ತು. ಮರುವರ್ಷ ಕನಿಷ್ಠ ದರ 7 ರೂಪಾಯಿ 49 ಪೈಸೆ. 2017ರ ಮೇ ತಿಂಗಳಲ್ಲಿ ಭಡ್ಲಾದ ಮೂರನೆಯ ಹಂತಕ್ಕೆ ಹರಾಜು ನಡೆದಾಗ 2 ರೂಪಾಯಿ 44 ಪೈಸೆಯ ಬಿಡ್ ಬಂತು. ದೇಶದಲ್ಲಿ ಅದುವರೆಗೆ ಕಂಡಿದ್ದ ಅತಿ ಕಡಿಮೆ ದರವದು. ಕಲ್ಲಿದ್ದಲ ಹೊಸ ಸ್ಥಾವರಗಳ ವಿದ್ಯುತ್ತಿಗಿಂತಲೂ ಅಗ್ಗ. ಚೀನಾದಿಂದ ಬಂದ ಅಗ್ಗದ ಫಲಕಗಳಷ್ಟೇ ಇದಕ್ಕೆ ಕಾರಣವಲ್ಲ. ಸೌರ ಉದ್ಯಾನ ಎಂಬ ವ್ಯವಸ್ಥೆಯಲ್ಲಿ ಭೂಮಿ, ರಸ್ತೆ, ಉಪಕೇಂದ್ರ, ಪ್ರಸರಣ ಮಾರ್ಗಗಳನ್ನು ಸರ್ಕಾರ ಅಥವಾ ಅದರ ಪಾಲುದಾರ ಸಂಸ್ಥೆ ಮೊದಲೇ ಒದಗಿಸುತ್ತದೆ. ಕಂಪನಿ ಬಂದು ಫಲಕ ನೆಟ್ಟರಾಯಿತು. ವಿದ್ಯುತ್ತನ್ನು ಕೊಳ್ಳುವುದಾಗಿ 25 ವರ್ಷಗಳ ಒಪ್ಪಂದವಿದ್ದು, ಹಣಪಾವತಿಗೆ ಕೇಂದ್ರ ಸಂಸ್ಥೆಯ ಭರವಸೆಯಿದ್ದರೆ ಬ್ಯಾಂಕುಗಳೂ ಕಡಿಮೆ ಬಡ್ಡಿಗೆ ಸಾಲ ಕೊಡುತ್ತವೆ. ಬಂಡವಾಳವೆಲ್ಲ ಮೊದಲೇ ಸುರಿಯಬೇಕಾದ ಉದ್ಯಮದಲ್ಲಿ ಬಡ್ಡಿಯ ಒಂದೊಂದು ಅಂಶವೂ ಯೂನಿಟ್ಟಿನ ದರವನ್ನು ಅಲುಗಿಸುತ್ತದೆ.

ಧೂಳು

ಮರಳುಗಾಳಿ ಬೀಸಿದ ಮರುದಿನ ಫಲಕಗಳ ಮೇಲೆ ಮಣ್ಣಿನ ಪದರ ಕೂತಿರುತ್ತದೆ. ತೊಳೆಯದಿದ್ದರೆ ಉತ್ಪಾದನೆ ದಿನೇದಿನೇ ಇಳಿಯುತ್ತದೆ; ತೊಳೆಯಲು ನೀರು ಬೇಕು. ಒಂದು ಮೆಗಾವ್ಯಾಟ್‌ನಷ್ಟು ಫಲಕಗಳನ್ನು ಒಂದು ಬಾರಿ ತೊಳೆಯಲು ಸಾವಿರಾರು ಲೀಟರ್ ಹಿಡಿಯುತ್ತದೆ. ಪಂಜಾಬಿನ ಹರಿಕೆ ಅಣೆಕಟ್ಟಿನಿಂದ ಹೊರಟು ಬರುವ ಇಂದಿರಾಗಾಂಧಿ ಕಾಲುವೆಯ ನೀರಿಗೆ ಹಳ್ಳಿಗಳೂ ಹೊಲಗಳೂ ಕಾದಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಹೀಗಾಗಿ ರಾತ್ರಿ ಹೊತ್ತು ಫಲಕಗಳ ಸಾಲಿನುದ್ದಕ್ಕೂ ಚಲಿಸುತ್ತ, ನೀರಿಲ್ಲದೆ ಮೃದುವಾದ ಬ್ರಷ್ಷಿನಿಂದ ಧೂಳು ಗುಡಿಸುವ ರೋಬೋಟ್‌ಗಳು ಭಡ್ಲಾದಲ್ಲಿ ಬಳಕೆಗೆ ಬಂದಿವೆ. ನೀರು ಉಳಿಯಿತು; ತೊಳೆಯುವ ಕೂಲಿಯೂ ಅದರೊಂದಿಗೇ ಹೋಯಿತು. ನಿರ್ಮಾಣದ ಕಾಲದಲ್ಲಿ ಬೇಕಾದ ಕೈಗಳಿಗೆ ಹೋಲಿಸಿದರೆ ಆಮೇಲೆ ಸ್ಥಾವರಗಳಿಗೆ ಬೇಕಾಗುವ ಕಾವಲುಗಾರರೂ ತಂತ್ರಜ್ಞರೂ ಬೆರಳೆಣಿಕೆಯವರು.

ಬಂಜರು ಯಾರದು?

ಕಂದಾಯ ಕಡತದ ಬಂಜರಿನಲ್ಲಿ ಒಂಟೆ, ಕುರಿ, ಆಡುಗಳು ಮೇಯುತ್ತಿದ್ದವು. ಮಳೆಗಾಲದ ನಂತರದ ಕೆಲವೇ ತಿಂಗಳು ಹುಲ್ಲು ಕಾಣುವ ಈ ನೆಲವನ್ನು ಮೇಯಿಸುವವರು ತಲೆಮಾರುಗಳಿಂದ ಬಳಸುತ್ತ ಬಂದವರು. ಆದರೆ ಅವರ ಕೈಯಲ್ಲಿ ಪಟ್ಟೆಯಿರಲಿಲ್ಲ. ಪಟ್ಟೆಯಿಲ್ಲದವರಿಗೆ ಪರಿಹಾರವೂ ಇಲ್ಲ. ಪಶ್ಚಿಮ ರಾಜಸ್ಥಾನದಲ್ಲಿ ಓರಣ್ ಎಂದು ಕರೆಯುವ ಪ್ರದೇಶಗಳಿವೆ: ದೇವರ ಹೆಸರಿನಲ್ಲಿ ಬಿಟ್ಟ, ಮರ ಕಡಿಯಬಾರದ, ದನ ಮೇಯಬಹುದಾದ ಕಾವಲು. ನಮ್ಮ ದೇವರಕಾಡು ಮತ್ತು ಗೋಮಾಳ ಎರಡೂ ಒಂದಾದಂತೆ ಎನ್ನಬಹುದು. ಇವುಗಳಲ್ಲಿ ಹಲವು ಕಂದಾಯ ದಾಖಲೆಯಲ್ಲಿ ಓರಣ್ ಎಂದು ನಮೂದಾಗಿಲ್ಲವಾದ್ದರಿಂದ ಜೈಸಲ್ಮೇರ್ ಭಾಗದಲ್ಲಿ ಗ್ರಾಮಸ್ಥರು ದಾಖಲೆಗಾಗಿಯೇ ಹೋರಾಡುತ್ತಿದ್ದಾರೆ.

ಅಲ್ಲಿನ ಖೇಜ್ರಿ ಮರ ನಮಗೆ ಅಪರಿಚಿತವಲ್ಲ; ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ ಅದು. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಅರಸನ ಆಳುಗಳು ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿಯೊಡನೆ 363 ಮಂದಿ ಬಿಷ್ಣೋಯಿಗಳು ಮರಗಳನ್ನು ತಬ್ಬಿ ಪ್ರಾಣ ಕೊಟ್ಟರೆಂದು ಇತಿಹಾಸ ಹೇಳುತ್ತದೆ. ಅದೇ ಮರವನ್ನು ಸೌರ ಸ್ಥಾವರಗಳಿಗಾಗಿ ಕಡಿಯುತ್ತಿರುವುದರ ವಿರುದ್ಧ ಬೀಕಾನೇರ್ ಭಾಗದಲ್ಲಿ ಈಚಿನ ವರ್ಷಗಳಲ್ಲಿ ಧರಣಿಗಳು ನಡೆದಿವೆ.

ಇನ್ನೊಂದು ಕಥೆ ಹಕ್ಕಿಯದು. ಕನ್ನಡದಲ್ಲಿ ಎರೆಭೂತ, ಎರ್ಲಡ್ಡು ಎಂದೂ, ರಾಜಸ್ಥಾನದಲ್ಲಿ ಗೋಡಾವಣ್ ಎಂದೂ ಕರೆಯುವ ಈ ಭಾರಿ ಹಕ್ಕಿಯನ್ನು ಸೊಲ್ಲಾಪುರದ ಓದುಗರು ಮಾಳಢೋಕ್ ಎಂಬ ಹೆಸರಿನಲ್ಲಿ ಬಲ್ಲರು. ನಾನ್ನಜ್ ಅಭಯಾರಣ್ಯ ಸ್ಥಾಪನೆಯಾದದ್ದು ಅದಕ್ಕಾಗಿಯೇ. ಕರ್ನೂಲು ಸೀಮೆಯ ರೋಳ್ಳಪಾಡು ಕೂಡ. ಸಿರುಗುಪ್ಪದ ಎರೆಹೊಲಗಳಲ್ಲಿಯೂ ಇದು ಕಾಣಿಸಿಕೊಂಡದ್ದುಂಟು. ಈಗ ದೇಶದಲ್ಲಿ ಉಳಿದಿರುವ ಸುಮಾರು ನೂರೈವತ್ತರಲ್ಲಿ ಹೆಚ್ಚಿನವು ಥಾರ್‌ನಲ್ಲಿವೆ. ತೂಕದ ದೇಹ, ಎದುರಿನದನ್ನು ಸರಿಯಾಗಿ ಕಾಣದ ಕಣ್ಣು. ಹಾರುವಾಗ ತಂತಿ ಅಡ್ಡ ಬಂದರೆ ಕೊನೆ ಗಳಿಗೆಯಲ್ಲಿ ತಿರುಗಲಾರದು. ಈ ಕಾರಣಕ್ಕೆ 2021ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್ ಅದರ ವಾಸಪ್ರದೇಶಗಳಲ್ಲಿ ವಿದ್ಯುತ್ ತಂತಿಗಳನ್ನು ನೆಲದಡಿ ಒಯ್ಯುವಂತೆ ಆದೇಶಿಸಿತು. ಅಧಿಕ ವೋಲ್ಟೇಜಿನ ಮಾರ್ಗಗಳಿಗೆ ಅದು ಕಾರ್ಯಸಾಧ್ಯವಲ್ಲವೆಂದು ಕೇಂದ್ರ ವಾದಿಸಿತು. 2024ರ ಮಾರ್ಚ್ 21ರಂದು ನ್ಯಾಯಾಲಯ ಆ ಸಾರಾಸಗಟು ಆದೇಶವನ್ನು ಹಿಂಪಡೆದು ವಿಷಯವನ್ನು ತಜ್ಞರ ಸಮಿತಿಗೆ ವಹಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ನಾಗರಿಕರ ಹಕ್ಕೆಂದು ಅದೇ ತೀರ್ಪಿನಲ್ಲಿ ಹೇಳಲಾಯಿತು.

ಪಾವಗಡದ ಲೆಕ್ಕ

ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡವು ಮಡಕಶಿರಾ ಸೀಮೆಯ ಕನ್ನಡಿಗರಿಗೆ ನೆರೆಯ ತಾಲೂಕು. ಅಲ್ಲಿನ 2,050 ಮೆಗಾವ್ಯಾಟ್‌ನ ಶಕ್ತಿಸ್ಥಳ ಸುಮಾರು 13,000 ಎಕರೆಯಲ್ಲಿದೆ; ವಿಸ್ತಾರದಲ್ಲಿಯೂ ಸಾಮರ್ಥ್ಯದಲ್ಲಿಯೂ ಭಡ್ಲಾಕ್ಕೆ ಹತ್ತಿರ. ಆದರೆ ನೆಲದ ವ್ಯವಸ್ಥೆ ಪೂರ್ತಿ ಬೇರೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ರೈತರಿಂದ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ದೀರ್ಘಾವಧಿಯ ಗುತ್ತಿಗೆಗೆ ಪಡೆಯಲಾಯಿತು. ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆಯೂ ಉಂಟು. ಮಳೆಯನ್ನೇ ನಂಬಿ ಶೇಂಗಾ ಬಿತ್ತಿ ಬರದಲ್ಲಿ ಕೈಸುಟ್ಟುಕೊಳ್ಳುತ್ತಿದ್ದ ಹಿಡುವಳಿದಾರರಿಗೆ ಇದು ಖಚಿತವಾದ ವರಮಾನ. ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದ ಭೂಹೀನರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಈ ಒಂದು ವಿಷಯದಲ್ಲಿ ಮಾತ್ರ ಪಾವಗಡವೂ ಭಡ್ಲಾವೂ ಒಂದೇ ದೋಣಿಯಲ್ಲಿವೆ. ಅನಂತಪುರ, ಕರ್ನೂಲು ಸೀಮೆಗಳಲ್ಲಿ ಹೊಸ ಸ್ಥಾವರಗಳಿಗೆ ನೆಲ ಕೇಳಿ ಬರುವವರೊಡನೆ ಮಾತಿಗೆ ಕೂರುವ ಕುಟುಂಬಗಳು, ಗುತ್ತಿಗೆಯ ಅವಧಿ, ಏರಿಕೆಯ ಪ್ರಮಾಣ, ಅವಧಿ ಮುಗಿದ ಮೇಲೆ ಕಂಬ ಮತ್ತು ಕಾಂಕ್ರೀಟನ್ನು ತೆಗೆಸುವ ಹೊಣೆ ಯಾರದೆಂಬುದನ್ನು ಬರಹದಲ್ಲಿಯೇ ಓದಿ ನೋಡಬೇಕು.

ರಾಜಸ್ಥಾನದ ಸೌರ ಸಾಮರ್ಥ್ಯ 2025ರ ವೇಳೆಗೆ 28,000 ಮೆಗಾವ್ಯಾಟ್ ದಾಟಿದೆ. ಸ್ಥಾವರ ಕಟ್ಟಲು ಒಂದೆರಡು ವರ್ಷ ಸಾಕು, ಪ್ರಸರಣ ಮಾರ್ಗಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಆದ್ದರಿಂದ ನಡುಹಗಲಿನಲ್ಲಿ ಉತ್ಪಾದನೆಯನ್ನೇ ತಗ್ಗಿಸಬೇಕಾದ ಪ್ರಸಂಗಗಳು ಬರುತ್ತಿವೆ. ಸಂಜೆ ಮನೆಗಳಲ್ಲಿ ದೀಪ ಹೊತ್ತುವ ವೇಳೆಗೆ ಫಲಕಗಳು ಮಲಗಿರುತ್ತವೆ. ಹಗಲಿನ ಹೆಚ್ಚುವರಿಯನ್ನು ಸಂಜೆಗೆ ಉಳಿಸಿಕೊಡುವ ಬ್ಯಾಟರಿಗಳನ್ನು ಹೊಸ ಟೆಂಡರುಗಳಲ್ಲಿ ಸ್ಥಾವರದ ಜೊತೆಗೇ ಕೇಳಲಾಗುತ್ತಿದೆ. ಆಯುಷ್ಯ ಮುಗಿದ ಫಲಕಗಳು 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಭಡ್ಲಾದ ಮೊದಲ ಹಂತದ ಒಪ್ಪಂದಗಳ 25 ವರ್ಷ ಮುಗಿಯುವುದು 2040ರ ದಶಕದಲ್ಲಿ.